ಒಂದು ಜಿಲ್ಲೆ, ಮೂರು ರಾಜ್ಯ: ಬೀದರ ಒಡೆದದ್ದು ಹೇಗೆ

ಹಲಬರ್ಗಾ ಸ್ಟೇಷನ್ನಿನಲ್ಲಿ ರೈಲು ಹತ್ತುವವರಿಗೆ ದಿಕ್ಕು ಎರಡೇ. ಒಂದು ಕಡೆ ಹೊರಟರೆ ಬೀದರ, ಜಹೀರಾಬಾದ್, ವಿಕಾರಾಬಾದ್ ದಾಟಿ ಹೈದರಾಬಾದ್. ಇನ್ನೊಂದು ಕಡೆ ಹೊರಟರೆ ಭಾಲ್ಕಿ, ಕಮಲನಗರ, ಉದಗೀರ, ಲಾತೂರ್ ರೋಡ್, ಪರಳಿ. ಒಂದು ತುದಿ ತೆಲಂಗಾಣ, ಇನ್ನೊಂದು ತುದಿ ಮಹಾರಾಷ್ಟ್ರ. ನಿಜಾಮನ ಕಾಲದಲ್ಲಿ ಹಾಕಿದ ಈ ಹಳಿಗೆ ಕರ್ನಾಟಕ ಅಂದರೆ ನಡುವೆ ಬಂದುಹೋಗುವ ಕೆಲವು ಸ್ಟೇಷನ್ನುಗಳು, ಅಷ್ಟೆ. ಹುಮನಾಬಾದ್ ಮೇಲೆ ಹಾಯ್ದು ಕಲಬುರಗಿಗೆ ಹೋಗುವ ಹೊಸ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಬೀದರ ಜಿಲ್ಲೆ ಈ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ತನ್ನದೇ ವಿಭಾಗದ ಕೇಂದ್ರ ಊರಿಗೆ ನೇರ ಹಳಿ ಬೀಳಲು ಸುಮಾರು 61 ವರ್ಷ ಹಿಡಿಯಿತು.

ಹಳಿಗಳು ಯಾರ ಲೆಕ್ಕಕ್ಕೆ ಬಿದ್ದಿವೆ ಎಂದು ನೋಡಿದರೆ ಒಂದು ನಾಡನ್ನು ಯಾರು, ಹೇಗೆ ಹಂಚಿಕೊಂಡಿದ್ದರು ಎಂಬುದು ತಿಳಿಯುತ್ತದೆ. ‘ಒಡೆದು ಆಳಿದರು’ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಒಡೆಯುವ ಕೆಲಸ ದಿನನಿತ್ಯ ನಡೆದದ್ದು ಎಲ್ಲಿ, ಯಾವ ಕಾಗದದ ಮೇಲೆ, ಯಾವ ಕಚೇರಿಯಲ್ಲಿ ಎಂಬುದನ್ನು ಪಾಠ ಹೇಳುವುದಿಲ್ಲ. ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಅದನ್ನು ಬೆರಳಿಟ್ಟು ತೋರಿಸಬಹುದು.

ಮೊದಲೇ ಒಂದು ಮಾತು. ಬ್ರಿಟಿಷರು ಬರುವ ಮುಂಚೆ ಇಲ್ಲಿ ಭೇದಗಳೇ ಇರಲಿಲ್ಲ ಎಂಬುದು ಸುಳ್ಳು. ಜಾತಿ ಇತ್ತು, ಮತ ಇತ್ತು, ಆಳುವವರ ಮತ್ತು ಆಳಿಸಿಕೊಳ್ಳುವವರ ನಡುವೆ ದೊಡ್ಡ ಅಂತರ ಇತ್ತು. ಇಷ್ಟಿದ್ದರೂ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ಮಡಿಯಾಳದ ಜಂಗಮರು ಇಂದಿಗೂ ಬರುತ್ತಾರೆ. ಹುಮನಾಬಾದಿನ ಮಾಣಿಕಪ್ರಭುಗಳ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಬೀಗರೊಂದಿಗೆ ತೆಲುಗು ಆಡುವವರು ಇಲ್ಲಿ ಯಾರಿಗೂ ಅಪರೂಪವಲ್ಲ. ವಸಾಹತು ಕಾಲ ಮಾಡಿದ್ದು ಇಷ್ಟು: ಇದ್ದ ಭೇದಗಳನ್ನು ಎತ್ತಿಕೊಂಡು ಅವುಗಳ ಮೇಲೆ ಗಡಿ, ನೌಕರಿ, ಶಾಲೆ, ರೊಕ್ಕ ಎಲ್ಲವನ್ನೂ ಕಟ್ಟಿತು. ಹಾಗೆ ಕಟ್ಟಿದ ಮೇಲೆ ಯಾರು ಯಾವ ಕಡೆಯವರು ಎಂಬುದು ಹೊಟ್ಟೆಪಾಡಿನ ಪ್ರಶ್ನೆಯಾಯಿತು.

ನಾಡನ್ನು ನಾಣ್ಯದಂತೆ ಕೊಟ್ಟು ತೆಗೆದುಕೊಂಡದ್ದು

1798ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಸಹಾಯಕ ಸೈನ್ಯ ಒಪ್ಪಂದ ಮಾಡಿಕೊಂಡ. ಕಂಪನಿಯ ಪಡೆ ಹೈದರಾಬಾದಿನಲ್ಲಿ ನಿಲ್ಲಬೇಕು, ಅದರ ಖರ್ಚು ನಿಜಾಮನದು. ಎರಡೇ ವರ್ಷಕ್ಕೆ, 1800ರಲ್ಲಿ, ಆ ಖರ್ಚಿನ ಲೆಕ್ಕಕ್ಕೆ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬರೆದುಕೊಟ್ಟ. ದತ್ತಮಂಡಲ ಎನ್ನುವುದು ಇದನ್ನೇ. ತುಂಗಭದ್ರೆಯ ಈಚೆ ದಡದ ರಾಯಚೂರು ನಿಜಾಮನಿಗೆ ಉಳಿಯಿತು, ಆಚೆ ದಡದ ಬಳ್ಳಾರಿ ಮದರಾಸಿಗೆ ಹೋಯಿತು. ಎರಡೂ ದಡದಲ್ಲಿ ಅದೇ ಮಂದಿ, ಅದೇ ಜೋಳ, ಅದೇ ದೇವರು.

1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲಕ್ಕೆ ಸೈನ್ಯದ ಬಾಕಿ ಬೆಳೆದಿತ್ತು. ಬಿರಾರ, ನಳದುರ್ಗ ಸೀಮೆ, ರಾಯಚೂರು ದೋಆಬ್ ಬ್ರಿಟಿಷರ ಕೈಗೆ ಹೋದವು. 1857ರ ದಂಗೆಯಲ್ಲಿ ನಿಜಾಮ ಬ್ರಿಟಿಷರ ಪರ ನಿಂತ. ಅದರ ಬಹುಮಾನವಾಗಿ 1860ರಲ್ಲಿ ರಾಯಚೂರು ದೋಆಬ್ ಮತ್ತು ನಳದುರ್ಗ ವಾಪಸು ಬಂದವು. ಜೊತೆಗೆ ಸುರಪುರವೂ ಬಂತು. ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನವನ್ನು, ಅವನು ತೀರಿಕೊಂಡ ಮೇಲೆ, ಬ್ರಿಟಿಷರಿಗೆ ನಿಷ್ಠನಾಗಿದ್ದವನಿಗೆ ಉಡುಗೊರೆಯಾಗಿ ಕೊಟ್ಟರು. ಏಳು ವರ್ಷದಲ್ಲಿ ರಾಯಚೂರಿನ ರೈತ ಎರಡು ಸಲ ಒಡೆಯರನ್ನು ಬದಲಿಸಿದ. ಎರಡೂ ಸಲ ಅವನನ್ನು ಕೇಳಿದವರಿಲ್ಲ.

ಹೀಗೆ 19ನೇ ಶತಮಾನ ಮುಗಿಯುವ ಹೊತ್ತಿಗೆ ಕನ್ನಡ ಆಡುವ ನೆಲ ಚೂರುಚೂರಾಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರ ಮತ್ತು 1862ರ ನಂತರ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ, ಬಳ್ಳಾರಿ, ದಕ್ಷಿಣ ಕನ್ನಡ ಮದರಾಸಿಗೆ, ಬೀದರ, ಕಲಬುರಗಿ, ರಾಯಚೂರು ಹೈದರಾಬಾದಿಗೆ, ಮೈಸೂರು ಒಡೆಯರಿಗೆ, 1834ರಿಂದ ಕೊಡಗು ಬೇರೆಯೇ, ನಡುನಡುವೆ ಜಮಖಂಡಿ, ಮುಧೋಳ, ಸವಣೂರು, ಸಂಡೂರಿನಂಥ ಸಂಸ್ಥಾನಗಳು.

ಭಾಲ್ಕಿಯವನಿಗೆ ಇದರಿಂದ ಏನಾಯಿತು? ನಿಜಾಮನ ರಾಜ್ಯಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷರ ಆರು ರೂಪಾಯಿಗೆ ಇಲ್ಲಿನ ಏಳು. ಗಡಿಯಲ್ಲಿ ಕರೋಡಗಿರಿ ಎಂಬ ಸುಂಕದ ಇಲಾಖೆ ಇತ್ತು. ಸೊಲ್ಲಾಪುರದ ಪೇಟೆಗೆ ಸರಕು ಒಯ್ಯುವವನು ಸುಂಕ ಕಟ್ಟಿ, ರೊಕ್ಕ ಬದಲಿಸಿ ವ್ಯಾಪಾರ ಮಾಡಬೇಕಿತ್ತು. ಧಾರವಾಡ ಅವನಿಗೆ ಪರದೇಶ. ಅಲ್ಲಿ 1890ರಲ್ಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾಗಿ, ಪತ್ರಿಕೆ, ಪಠ್ಯ, ಭಾಷಣಗಳ ಸದ್ದು ಎದ್ದಿತ್ತು. ಗಡಿ ದಾಟಿ ಭಾಲ್ಕಿಗೆ ಬರುವಷ್ಟರಲ್ಲಿ ಆ ಸದ್ದು ಅಡಗುತ್ತಿತ್ತು.

ಆಳಿದ್ದು ನಿಜಾಮ, ಬ್ರಿಟಿಷರಲ್ಲ; ಹಾಗಾದರೆ ಇದನ್ನು ವಸಾಹತು ಆಡಳಿತ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ 1926ರ ಒಂದು ಪತ್ರದಲ್ಲಿದೆ. ಬಿರಾರ ಹಿಂದಿರುಗಿಸಿ ಎಂದು ಸಮಾನರ ದನಿಯಲ್ಲಿ ಕೇಳಿದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನಿಗೆ ವೈಸರಾಯ್ ಲಾರ್ಡ್ ರೀಡಿಂಗ್, ಬ್ರಿಟಿಷ್ ಸಾರ್ವಭೌಮತ್ವವೇ ಈ ದೇಶದಲ್ಲಿ ಎಲ್ಲಕ್ಕೂ ಮೇಲಿನದು, ಯಾವ ಸಂಸ್ಥಾನಿಕನೂ ಅದರೊಂದಿಗೆ ಸರಿಸಮನಾಗಿ ಮಾತುಕತೆಗೆ ಕೂರುವಂತಿಲ್ಲ ಎಂದು ನೇರವಾಗಿ ಬರೆದ. ಸಂಸ್ಥಾನಿಕನ ಮೇಲೆ ಬ್ರಿಟಿಷ್ ರೆಸಿಡೆಂಟ್ ಇದ್ದ, ರೆಸಿಡೆಂಟನ ಬೆನ್ನಿಗೆ ದಂಡು ಇತ್ತು. ಒಳಗೆ ಪ್ರಜೆಗಳ ಅಸಮಾಧಾನ ಎಷ್ಟೇ ಬೆಳೆದರೂ ಗಾದಿ ಅಲುಗದಂತೆ ಆ ದಂಡು ಕಾಯುತ್ತಿತ್ತು. ಪ್ರಜೆಗಳಿಗೆ ಉತ್ತರ ಕೊಡಬೇಕಾದ ಅಗತ್ಯ ಇಲ್ಲದ ಅರಸನಿಗೆ ತಿದ್ದಿಕೊಳ್ಳುವ ಅಗತ್ಯವೂ ಇರುವುದಿಲ್ಲ. ನಿಜಾಮನ ಆಡಳಿತದ ತಪ್ಪುಗಳು ಅವನವೇ. ಅವು ಅಷ್ಟು ವರ್ಷ ನಡೆದದ್ದು ಮಾತ್ರ ಬ್ರಿಟಿಷರ ಆಸರೆಯಲ್ಲಿ.

ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ

ಹೈದರಾಬಾದ್ ರಾಜ್ಯದ ಜನರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ತೆಲುಗರು, ಕಾಲು ಭಾಗ ಮರಾಠಿಗರು, ಎಂಟರಲ್ಲಿ ಒಬ್ಬರು ಕನ್ನಡಿಗರು. ದಫ್ತರದ ಭಾಷೆ ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಮೊದಲು ಫಾರ್ಸಿ, 1880ರ ದಶಕದಲ್ಲಿ ಅದರ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ವಿಜ್ಞಾನ, ವೈದ್ಯಕೀಯ ಎಲ್ಲವನ್ನೂ ಕಲಿಸಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಹಸವೇ, ಅದನ್ನು ಒಪ್ಪಬೇಕು. ಆದರೆ ಅದು ಔರಾದದ ರೈತನ ಮಗ ಮನೆಯಲ್ಲಿ ಆಡುವ ಭಾಷೆಯಾಗಿರಲಿಲ್ಲ.

ಉರ್ದುವಿನ ಮೇಲೆ ದ್ವೇಷ ಇಟ್ಟುಕೊಂಡು ಈ ಮಾತು ಹೇಳುತ್ತಿಲ್ಲ. ಬೀದರಿನವರಿಗೆ ಆ ದ್ವೇಷ ಹೊಂದುವುದೂ ಇಲ್ಲ. ದಖನಿ ಭಾಷೆಯ ಮೊದಲ ದೊಡ್ಡ ಕಾವ್ಯ, ನಿಜಾಮಿ ಎಂಬ ಕವಿಯ ‘ಕದಮ್ ರಾವ್ ಪದಮ್ ರಾವ್’, 15ನೇ ಶತಮಾನದಲ್ಲಿ ಹುಟ್ಟಿದ್ದು ಬೀದರಿನ ಬಹಮನಿ ಆಸ್ಥಾನದಲ್ಲಿ. ಕನ್ನಡ, ಮರಾಠಿ, ತೆಲುಗುಗಳ ನೀರು ಕುಡಿದು ಬೆಳೆದ ನುಡಿ ಅದು. ಆ ನುಡಿಯ ಒಡಹುಟ್ಟೇ ನೌಕರಿಗೆ ಬಾಗಿಲು ಕಾಯುವ ಭಾಷೆಯಾದಾಗ ನೆರೆಹೊರೆಯ ಮುಸಲ್ಮಾನ ಬಡವನೂ ಆಳುವವರ ಕಡೆಯವನಾಗಿ ಕಾಣತೊಡಗಿದ. ಅವನ ಜೇಬಿನಲ್ಲಿ ಏನೂ ಇರಲಿಲ್ಲ, ಅದು ಬೇರೆ ಮಾತು.

ಖಾಸಗಿ ಶಾಲೆ ತೆರೆಯಲು ಸರ್ಕಾರದ ಅಪ್ಪಣೆ ಬೇಕಿತ್ತು. ಸಭೆ ಕರೆಯಲೂ ಬೇಕಿತ್ತು. ಈ ಸ್ಥಿತಿಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕಮಲನಗರದಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದ ಬಗೆ ಈ ಸೀಮೆಯ ಮನೆಮನೆಗೂ ಗೊತ್ತು. ಬಾಗಿಲ ಮೇಲೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಹೊರಗಿನಿಂದ ನೋಡುವವನಿಗೆ ಅದು ಸರ್ಕಾರಿ ನಿಯಮಕ್ಕೆ ತಕ್ಕ ಶಾಲೆ. ಒಳಗೆ ಕೂತ ಮಗುವಿಗೆ ಅ, ಆ, ಇ, ಈ. 1999ರವರೆಗೆ ಬಾಳಿದ ಈ ಸ್ವಾಮಿಗಳು ಕನ್ನಡದ ಅಕ್ಷರ ಕಲಿಸಲು ಹೀಗೆ ಮರೆ ಹುಡುಕಬೇಕಾಯಿತು ಎಂಬುದನ್ನು ಬೆಂಗಳೂರಿನ, ಮೈಸೂರಿನ ಓದುಗರು ಒಂದು ಗಳಿಗೆ ನಿಂತು ಯೋಚಿಸಬೇಕು. 1916ರಲ್ಲೇ ಮೈಸೂರಿಗೆ ವಿಶ್ವವಿದ್ಯಾಲಯ, 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದಿದ್ದವು. ಕಲಬುರಗಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಮೂರು ತಲೆಮಾರು ಹಿಂದೆ ಶುರುವಾದ ಓಟದಲ್ಲಿ ತಡವಾಗಿ ಹೊರಟವರನ್ನು ‘ನೀವೇಕೆ ಹಿಂದೆ’ ಎಂದು ಕೇಳುವುದು ನ್ಯಾಯವಲ್ಲ.

ನೌಕರಿಯ ಕತೆ ಇನ್ನೂ ಸಿಕ್ಕುಸಿಕ್ಕು. 1853ರಿಂದ 1883ರವರೆಗೆ ದಿವಾನನಾಗಿದ್ದ ಒಂದನೇ ಸಾಲಾರ್ ಜಂಗ್ ಜಿಲ್ಲೆ, ಕಂದಾಯ, ಕೋರ್ಟುಗಳನ್ನು ಹೊಸದಾಗಿ ಕಟ್ಟಿದ. ಅದಕ್ಕೆ ಬೇಕಾದ ಕಲಿತವರನ್ನು ಉತ್ತರ ಹಿಂದೂಸ್ತಾನದಿಂದ ಕರೆಸಿದ. ಹೊರಗಿನವರು ಮೇಲಿನ ಹುದ್ದೆಗಳಲ್ಲಿ ಕೂತರು. ಆಗ ಎದ್ದದ್ದೇ ಮುಲ್ಕಿ, ಗೈರ್ ಮುಲ್ಕಿ ಜಗಳ: ನಾಡಿನವನು ಯಾರು, ಹೊರಗಿನವನು ಯಾರು? ಗಮನಿಸಬೇಕಾದ ಸಂಗತಿ ಎಂದರೆ ಈ ಜಗಳ ಮೊದಲು ಹೊತ್ತಿಕೊಂಡದ್ದು ದಖನಿ ಮುಸಲ್ಮಾನರಿಗೂ ಹಿಂದೂಸ್ತಾನಿ ಮುಸಲ್ಮಾನರಿಗೂ ನಡುವೆ. 1919ರ ಫರ್ಮಾನಿನ ಪ್ರಕಾರ ಮುಲ್ಕಿ ಎನಿಸಿಕೊಳ್ಳಲು ಹುಟ್ಟಿನಿಂದ ಈ ರಾಜ್ಯದ ಪ್ರಜೆಯಾಗಿರಬೇಕು ಅಥವಾ ಇಲ್ಲಿ 15 ವರ್ಷ ನೆಲೆಸಿರಬೇಕು. ಊರಿನವನು ಎನ್ನುವುದಕ್ಕೆ ಸರ್ಟಿಫಿಕೇಟು ಬಂದದ್ದು ಹೀಗೆ.

ಜನಗಣತಿಯೂ ತನ್ನ ಪಾಲು ಸಲ್ಲಿಸಿತು. ಹೈದರಾಬಾದಿನಲ್ಲಿ ಮೊದಲ ಗಣತಿ ನಡೆದದ್ದು 1881ರಲ್ಲಿ. ಪ್ರತಿಯೊಬ್ಬನಿಗೆ ಒಂದು ಮತ, ಒಂದು ಜಾತಿ, ಒಂದು ಮಾತೃಭಾಷೆ. ನಾಲ್ಕು ಭಾಷೆಯಲ್ಲಿ ಬದುಕುವವನೂ ಒಂದೇ ಕಾಲಂನಲ್ಲಿ ಕೂರಬೇಕು. ಎಣಿಸಿದ ಮೇಲೆ ಬಹುಸಂಖ್ಯಾತ, ಅಲ್ಪಸಂಖ್ಯಾತ ಎಂಬ ಲೆಕ್ಕ ಹುಟ್ಟಿತು. ಮುಂದೆ ಗಡಿ ಎಳೆಯುವವರು ಕೈಗೆತ್ತಿಕೊಂಡದ್ದು ಇದೇ ಕಾಲಂಗಳನ್ನು. ಇಂಥ ವಿಂಗಡಣೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ದೂರದ ಒಂದು ಉದಾಹರಣೆ ಸಾಕು. ಬೆಲ್ಜಿಯನ್ನರು ರುವಾಂಡಾದಲ್ಲಿ 1930ರ ದಶಕದಲ್ಲಿ ಹುಟು, ಟುಟ್ಸಿ ಎಂದು ಗುರುತಿನ ಚೀಟಿಯಲ್ಲೇ ಬರೆಸಿದರು. 1994ರ ಕಗ್ಗೊಲೆಯಲ್ಲಿ ಯಾರನ್ನು ಕೊಲ್ಲಬೇಕು ಎಂಬುದನ್ನು ಆ ಚೀಟಿ ತೋರಿಸಿಕೊಟ್ಟಿತು.

ರಾಜಕೀಯ ಸಂಘಟನೆಗೆ ಅವಕಾಶ ಇಲ್ಲದ ಕಡೆ ಜನ ಭಾಷೆಯ ಹೆಸರಿನಲ್ಲಿ ಕೂಡಿದರು. ತೆಲುಗರ ಆಂಧ್ರ ಮಹಾಸಭೆ, ಮರಾಠಿಗರ ಮಹಾರಾಷ್ಟ್ರ ಪರಿಷತ್ತು, ಕನ್ನಡಿಗರ ಕರ್ನಾಟಕ ಪರಿಷತ್ತು. ಮೂರರ ಬೇಡಿಕೆಯೂ ಬಹುಪಾಲು ಒಂದೇ: ಜವಾಬ್ದಾರಿ ಸರ್ಕಾರ, ತಾಯ್ನುಡಿಯ ಶಾಲೆ, ಜಾಗೀರುಗಳ ಸುಲಿಗೆಗೆ ಕಡಿವಾಣ. ಮೂವರೂ ಸೇರುವ ವೇದಿಕೆಯಾಗಬಹುದಾಗಿದ್ದ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಹುಟ್ಟುವ ಹೊತ್ತಿಗೇ ನಿಷೇಧಿಸಿದರು.

1947ರಲ್ಲಿ ಬ್ರಿಟಿಷರು ಸಾರ್ವಭೌಮತ್ವದ ಹೊಣೆ ಕೈಬಿಟ್ಟು ಹೊರಟರು. ಕಾವಲಿನವನು ಹೋದ ಮೇಲೆ ಉಳಿದದ್ದು ಹೆದರಿದ ಅರಮನೆ, ನಿಜಾಮನ ಪರ ನಿಂತ ರಜಾಕಾರರ ಪಡೆ ಮತ್ತು ರೊಚ್ಚಿಗೆದ್ದ ಹಳ್ಳಿಗಳು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ರಜಾಕಾರರು ಹಳ್ಳಿಗರ ಕಗ್ಗೊಲೆ ನಡೆಸಿದರು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡು ಮುಸಲ್ಮಾನರ ಮೇಲೆ ತಿರುಗಿತು. ನೆಹರೂ ಕಳುಹಿಸಿದ ಪಂಡಿತ ಸುಂದರ್‌ಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಕಲಬುರಗಿ, ಬೀದರ, ನಾಂದೇಡಗಳನ್ನು ಹೆಸರಿಸಿತು. ಇಡೀ ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ. ಗೋರ್ಟಾದ ನೋವನ್ನು ಹೇಳುವವರು ಇದನ್ನೂ ಹೇಳಬೇಕು, ಇದನ್ನು ಹೇಳುವವರು ಗೋರ್ಟಾವನ್ನೂ ಹೇಳಬೇಕು.

ಮೂರು ಹೋಳು, ಮೂರು ವಿಧಿ

ಹಳೆಯ ಬೀದರ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ರಾಜ್ಯಗಳ ಪುನರ್ವಿಂಗಡಣೆಗೆ 1953ರಲ್ಲಿ ನೇಮಕವಾದ ಫಜಲ್ ಅಲಿ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಾಗ ಕಲಬುರಗಿ, ರಾಯಚೂರುಗಳನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತು. ಬೀದರವನ್ನು ಹಾಗೆ ಹೇಳಲಿಲ್ಲ. ಇಡೀ ಜಿಲ್ಲೆ ತೆಲಂಗಾಣದ ಜಿಲ್ಲೆಗಳ ಜೊತೆ ಹೈದರಾಬಾದ್ ರಾಜ್ಯದಲ್ಲೇ ಉಳಿಯಲಿ ಎಂಬುದು ಅದರ ಶಿಫಾರಸು. ಅದು ನಡೆದಿದ್ದರೆ ಭಾಲ್ಕಿ, ಔರಾದದವರು ಇಂದು ಯಾವ ರಾಜ್ಯದ ಮತದಾರರಾಗಿರುತ್ತಿದ್ದರು ಎಂದು ಯೋಚಿಸಿ ನೋಡಿ.

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಿಲ್ಲೆಯನ್ನು ಮೂರು ಹೋಳು ಮಾಡಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಅಂದರೆ ಇಂದಿನ ಮಹಾರಾಷ್ಟ್ರದ ಲಾತೂರ್ ಜಿಲ್ಲೆಗೆ. ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್ ಆಂಧ್ರಕ್ಕೆ, ಇಂದಿನ ತೆಲಂಗಾಣಕ್ಕೆ. ಉಳಿದದ್ದು ಮೈಸೂರು ರಾಜ್ಯಕ್ಕೆ. ತಾಲೂಕು ಸಾಲದೆ ಗಿರ್ದಾವರ ಸರ್ಕಲ್ ಮಟ್ಟಕ್ಕೆ ಇಳಿದು ಕತ್ತರಿಸಿದ್ದಾರೆ. ಕತ್ತರಿಸಿದ ಮೇಲೂ ಹೆಣ್ಣು ಕೊಡುವುದು ತರುವುದು, ಸಂತೆಗೆ ಹೋಗುವುದು, ದವಾಖಾನೆಗೆ ಉದಗೀರಕ್ಕೋ ಹೈದರಾಬಾದಿಗೋ ಓಡುವುದು ನಿಂತಿಲ್ಲ.

ಭಾಷೆಯ ಗೆರೆ ಎಳೆದರೆ ಎಲ್ಲ ಸರಿಹೋಗುತ್ತದೆ ಎಂದು ಆಗ ನಂಬಿದ್ದರು. ಮುಂದೆ ಏನಾಯಿತು ನೋಡಿ. ಆಂಧ್ರಕ್ಕೆ ಸೇರಿದ ತೆಲಂಗಾಣದವರು ನೌಕರಿಗಳೆಲ್ಲ ಕರಾವಳಿಯವರ ಪಾಲಾದವು ಎಂದು 1969ರಲ್ಲಿ ಬೀದಿಗಿಳಿದರು. ಹಳೆಯ ಮುಲ್ಕಿ ನಿಯಮದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1973ರಲ್ಲಿ ಸಂವಿಧಾನಕ್ಕೆ 371(ಡಿ) ವಿಧಿ ಬಂತು. ಮರಾಠವಾಡಾ ಮಹಾರಾಷ್ಟ್ರದಲ್ಲಿ ಹಿಂದುಳಿಯಿತು. 371(2)ರ ಅಡಿಯಲ್ಲಿ ಅದಕ್ಕೆ 1994ರಲ್ಲಿ ಅಭಿವೃದ್ಧಿ ಮಂಡಳಿ ಬಂತು. ಆಗ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ನಮ್ಮ ಸೀಮೆ ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನು ನಂಜುಂಡಪ್ಪ ಸಮಿತಿ 2002ರಲ್ಲಿ ತಾಲೂಕುವಾರು ಲೆಕ್ಕ ಹಾಕಿ ತೋರಿಸಿತು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ನಂತರ 2012ರ 98ನೇ ತಿದ್ದುಪಡಿಯಿಂದ 371(ಜೆ) ಬಂತು.

ಮೂರು ರಾಜ್ಯ, ಮೂರು ಭಾಷೆ. ಆದರೆ ನಿಜಾಮನ ರಾಜ್ಯದ ಮೂರು ಹೋಳಿಗೂ ಸಂವಿಧಾನದ 371ರ ಸರಣಿಯ ಬೇರೆ ಬೇರೆ ವಿಧಿಗಳ ಊರುಗೋಲು ಬೇಕಾಯಿತು. ಹಳೆಯ ಬೀದರ ಜಿಲ್ಲೆಯ ಉದಗೀರ, ಜಹೀರಾಬಾದ್, ಭಾಲ್ಕಿ ಇಂದು ಈ ಮೂರರ ಕೆಳಗೆ ಹಂಚಿಹೋಗಿವೆ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ. ನಾವು ಜಗಳ ಆಡುವುದು ಭಾಷೆಯ ಗೆರೆಯ ಮೇಲೆ, ಹಿಂದುಳಿದಿರುವುದು ಮಾತ್ರ ಹಳೆಯ ಸಂಸ್ಥಾನದ ಗೆರೆಯೊಳಗೆ. ಇಂಗ್ಲಿಷರು ನೈಜೀರಿಯಾದಲ್ಲಿ ಮಾಡಿದ್ದೂ ಹೀಗೇ. ಉತ್ತರದ ಅಮೀರರನ್ನು ಗಾದಿಯಲ್ಲೇ ಇರಿಸಿ, ಅವರ ಸೀಮೆಗೆ ಮಿಷನ್ ಶಾಲೆಗಳು ಹೆಚ್ಚು ಹೋಗದಂತೆ ತಡೆದು, ದಕ್ಷಿಣದಲ್ಲಿ ಶಾಲೆ ಬೆಳೆಯಲು ಬಿಟ್ಟರು. 1914ರಲ್ಲಿ ಲುಗಾರ್ಡ್ ಎರಡನ್ನೂ ಒಂದು ದೇಶವೆಂದು ಹೊಲಿದ. ಕಲಿತ ದಕ್ಷಿಣಕ್ಕೂ ಕಲಿಯದ ಉತ್ತರಕ್ಕೂ ನಡುವಿನ ನೌಕರಿ ಜಗಳ ಆರಲಿಲ್ಲ. ಕಡೆಗೆ ಅಲ್ಲೂ 1979ರ ಸಂವಿಧಾನ ಹುದ್ದೆಗಳಲ್ಲಿ ಎಲ್ಲ ಪ್ರದೇಶಗಳಿಗೂ ಪಾಲಿರಬೇಕು ಎಂದು ಬರೆದುಕೊಳ್ಳಬೇಕಾಯಿತು.

371(ಜೆ) ಕೆಲಸ ಮಾಡುವ ರೀತಿ ಸರಳ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಕಾಲೇಜುಗಳಲ್ಲಿ ಸ್ಥಳೀಯರಿಗೆ 70%, ರಾಜ್ಯದ ಉಳಿದೆಡೆ 8% ಸೀಟು. ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ 75%ರಿಂದ 85%. ಸ್ಥಳೀಯ ಎನಿಸಿಕೊಳ್ಳಲು ಇಲ್ಲಿ ಹುಟ್ಟಿರಬೇಕು ಅಥವಾ 2013ರ ಜನವರಿ 1ಕ್ಕೆ ಮುಂಚಿನ 10 ವರ್ಷ ನೆಲೆಸಿರಬೇಕು, ಅಥವಾ ಅಂಥವರ ಮಗುವಾಗಿರಬೇಕು. ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿ ಪ್ರಮಾಣಪತ್ರ ಕೊಡುತ್ತದೆ. ಮುಲ್ಕಿಗೆ 15 ವರ್ಷ, ಇದಕ್ಕೆ 10 ವರ್ಷ. ವ್ಯತ್ಯಾಸ ಇದೆ: ಆಗ ಫರ್ಮಾನು, ಈಗ ಸಂಸತ್ತು ಒಪ್ಪಿದ ಕಾನೂನು. ಈ ಪ್ರಮಾಣಪತ್ರದಿಂದ ಎಂಜಿನಿಯರ್, ಡಾಕ್ಟರ್ ಆದ ಹಳ್ಳಿಯ ಮಕ್ಕಳನ್ನು ನೋಡಿದವರು ಇದನ್ನು ಬೇಡ ಎನ್ನಲಾರರು. ಸರತಿಯಲ್ಲಿ ನಿಂತವರು ಪಕ್ಕದವನನ್ನು ‘ನೀನು ಇಲ್ಲಿಯವನಾ’ ಎಂದು ಕೇಳುವ ಸ್ಥಿತಿ ಮಾತ್ರ ಹಾಗೇ ಉಳಿದಿದೆ.

ಗಡಿಯ ತಕರಾರೂ ಮುಗಿದಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ ಕೇಳಿರುವ 865 ಊರುಗಳಲ್ಲಿ ಬೀದರ ಜಿಲ್ಲೆಯ ಹಳ್ಳಿಗಳೂ ಇವೆ. ಚುನಾವಣೆ ಬಂದಾಗ ಎರಡೂ ಕಡೆ ಬಾವುಟ ಏರುತ್ತದೆ. ಕಮಲನಗರದಲ್ಲಿ ಮರಾಠಿ ಆಡುವ ರೈತನಿಗೂ ಉದಗೀರದಲ್ಲಿ ಕನ್ನಡ ಆಡುವ ರೈತನಿಗೂ ತೊಗರಿ, ಸೋಯಾಬೀನಿನ ದರ ಒಂದೇ ದಿನ ಬೀಳುತ್ತದೆ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಈ ಸೀಮೆಯ ಅನೇಕ ಮನೆಗಳ ಪೆಟ್ಟಿಗೆಯಲ್ಲಿ ಹಳೆಯ ಸೇತವಾರ, ಖಾಸರಾ ಪಹಣಿ, ಜಾಗೀರಿನ ರಸೀದಿ, ಮುಲ್ಕಿ ಸರ್ಟಿಫಿಕೇಟುಗಳು ಉರ್ದುವಿನಲ್ಲಿ, ಕೆಲವು ಮೋಡಿ ಲಿಪಿಯಲ್ಲಿ ಇವೆ. ಹೊಲದ ತಕರಾರು ಎದ್ದಾಗ ಮಾತ್ರ ಅವುಗಳನ್ನು ಹೊರತೆಗೆಯುತ್ತೇವೆ, ಓದಬಲ್ಲವರಿಗಾಗಿ ಊರೂರು ಅಲೆಯುತ್ತೇವೆ. ಕಾಗದದ ಮೇಲೆ ಫಸಲಿ ವರ್ಷ ಇದ್ದರೆ ಅದಕ್ಕೆ 590 ಕೂಡಿಸಿ, ಇಸವಿ ಸಿಗುತ್ತದೆ. 1357 ಫಸಲಿ ಎಂದರೆ 1947–48. ಊರಿನ ಹಿರಿಯ ಮೌಲ್ವಿಗಳೋ, ನಿವೃತ್ತ ಪಟವಾರಿಗಳೋ, ಉರ್ದು ಶಾಲೆಯ ಮಾಸ್ತರರೋ ಇರುವಾಗಲೇ ಅವುಗಳನ್ನು ಓದಿಸಿ, ಕನ್ನಡದಲ್ಲಿ ಬರೆಸಿಕೊಂಡು, ಫೋಟೊ ತೆಗೆದು ಇಟ್ಟುಕೊಳ್ಳಿ. ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.